ವಿಲೋ ನೆಡುವ ಮೊದಲು ನೀರು ಅಳೆಯಿರಿ, ಗೋಡೆಯ ದೂರ ಅಳೆಯಿರಿ

ಮಾನ್ಯ ಸಂಪಾದಕರೇ,

ಮಿರಗದ (ಮೃಗಶಿರಾ) ಮಳೆ ಹತ್ತಿರ ಬಂದಂತೆ ಬೆಳಗಾವಿಯಿಂದ ವಿಜಯಪುರದ ತನಕ ನರ್ಸರಿಗಳ ಮುಂದೆ ಗಾಡಿಗಳು ನಿಲ್ಲುತ್ತವೆ. ಮಾವು, ತೆಂಗು, ಕರಿಬೇವಿನ ಸಸಿಗಳ ಜೊತೆಗೆ ‘ವೀಪಿಂಗ್ ವಿಲೋ’ ಕೇಳುವವರೂ ಇದ್ದಾರೆ. ನೀರಿಗೆ ತಾಗುವಂತೆ ಜೋತುಬಿದ್ದ ತೆಳು ಟೊಂಗೆಗಳ ಚಿತ್ರ ಮೊಬೈಲಿನಲ್ಲಿ ಕಂಡವರಿಗೆ ಅದು ತಮ್ಮ ಹಿತ್ತಲಲ್ಲೂ ಇರಲಿ ಅನ್ನಿಸುವುದು ಸಹಜ. ಮರ ಚೆಂದ, ಎರಡು ಮಾತಿಲ್ಲ. ಆದರೆ ಆ ಚಿತ್ರದಲ್ಲಿ ಮರದ ಬುಡಕ್ಕೆ ಒಂದು ಕೆರೆ ಇರುತ್ತದೆ, ನಮ್ಮ ಹಿತ್ತಲಲ್ಲಿ ಇರುವುದು ಬಿರಿದ ಎರೆಮಣ್ಣು (ಕಪ್ಪು ಮಣ್ಣು) ಮತ್ತು ವಾರಕ್ಕೊಮ್ಮೆ ಬಿಡುವ ನಲ್ಲಿ ನೀರು. ಈ ಮಳೆಗಾಲದಲ್ಲಿ ವಿಲೋ ನೆಡಬೇಕೆಂದಿರುವ ಓದುಗರಿಗೆ, ಸಸಿ ಬೆಳೆಸುವ ಇಲಾಖೆಗಳಿಗೆ ಕೆಲವು ವಿಷಯ ತಿಳಿಸಲೆಂದು ಈ ಪತ್ರ.

ಮೊದಲು ಬೀಜದ ಮಾತು. ಆನ್‌ಲೈನ್‌ನಲ್ಲಿ ವಿಲೋ ಬೀಜ ಎಂದು ಸಣ್ಣ ಪೊಟ್ಟಣಗಳನ್ನು ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ವಿಲೋ ಬೀಜ ಎಳ್ಳಿಗಿಂತ ಎಷ್ಟೋ ಸಣ್ಣದು, ಬಿಳಿ ಅರಳೆ ಅಂಟಿಕೊಂಡು ಗಾಳಿಯಲ್ಲಿ ಹಾರುವಂಥದ್ದು. ಅದರೊಳಗೆ ಕೂಡಿಟ್ಟ ಆಹಾರ ಇಲ್ಲವೆಂದರೂ ನಡೆದೀತು. ಹಾಗಾಗಿ ಕಾಯಿ ಒಡೆದ ಮೇಲೆ ಸಾಮಾನ್ಯ ಹವೆಯಲ್ಲಿ ಅದು ಜೀವ ಹಿಡಿದಿರುವುದು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ತಿಂಗಳುಗಟ್ಟಲೆ ಪೊಟ್ಟಣದಲ್ಲಿ ಕುಳಿತ ಬೀಜ ಮೊಳೆಯುವುದಿಲ್ಲ, ಮೊಳೆತರೆ ಅದು ಬೇರೆ ಗಿಡ. ವಿಲೋ ಬೆಳೆಯುವುದು ಟೊಂಗೆ ತುಂಡಿನಿಂದ, ಅದೂ ಸಲೀಸಾಗಿ.

ಸಸಿ ಕೊಳ್ಳುವಾಗಲೂ ಕಣ್ಣು ತೆರೆದಿರಬೇಕು. ಜೋತುಬೀಳುವ ಬಾಟಲ್ ಬ್ರಶ್ ಗಿಡವನ್ನು ವಿಲೋ ಎಂದು ತಿಳಿದವರು ಬಹಳ. ಬೇಧ ತಿಳಿಯಲು ಒಂದು ಎಲೆ ಹೊಸಕಿದರೆ ಸಾಕು. ಬಾಟಲ್ ಬ್ರಶ್ ಎಲೆ ದಪ್ಪ, ನಾರುನಾರು, ಹೊಸಕಿದರೆ ನೀಲಗಿರಿ ಎಣ್ಣೆಯ ಹಾಗೆ ಘಮ್ಮೆನ್ನುತ್ತದೆ. ವಿಲೋ ಎಲೆಗೆ ಆ ವಾಸನೆ ಇಲ್ಲ. ತೆಳುವಾದ ಉದ್ದನೆಯ ಎಲೆ, ಅಂಚಿನಲ್ಲಿ ಸಾಮಾನ್ಯವಾಗಿ ಸಣ್ಣ ಗರಗಸದಂಥ ಹಲ್ಲು, ಅಡಿಭಾಗ ಬೂದು ಬಳಿದಂತೆ ಮಸುಕು ಬಿಳಿ. ಎಲೆಗಳು ಎದುರುಬದುರಾಗಿ ಅಲ್ಲ, ಒಂದು ಈ ಕಡೆ ಒಂದು ಆ ಕಡೆ ಬರುತ್ತವೆ. ಇನ್ನೂ ಅನುಮಾನವಿದ್ದರೆ ಎಲೆಯ ಬುಡದ ಮೊಗ್ಗು ನೋಡಿ. ಬೇರೆ ಎಷ್ಟೋ ಮರಗಳ ಮೊಗ್ಗಿಗೆ ಹಲವು ಸಿಪ್ಪೆ ಇದ್ದರೆ ವಿಲೋ ಮೊಗ್ಗಿಗೆ ಟೋಪಿ ಹಾಕಿದಂತೆ ಒಂದೇ ಒಂದು ಸಿಪ್ಪೆ. ಈ ಗುರುತು ತಪ್ಪುವುದಿಲ್ಲ.

ಇಷ್ಟು ದೂರದ ಮರಕ್ಕಾಗಿ ಹಂಬಲಿಸುವ ನಾವು ನಮ್ಮದೇ ನೆಲದ ವಿಲೋವನ್ನು ಮರೆತಿದ್ದೇವೆ. ನೀರವಂಜಿ ಎಂಬ ಹೆಸರಿನ ಮರವೇ ಅದು. ಗಡಿಭಾಗದ ಮರಾಠಿ ಮಂದಿ ವಾಳುಂಜ ಅನ್ನುತ್ತಾರೆ, ಸಂಸ್ಕೃತದಲ್ಲಿ ಜಲವೇತಸ. ಸಸ್ಯಶಾಸ್ತ್ರದ ಹೆಸರು ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇಟ್ಟದ್ದು. ಪಶ್ಚಿಮ ಘಟ್ಟದಿಂದ ಇಳಿದು ಬರುವ ಹೊಳೆಹಳ್ಳಗಳ ದಂಡೆಯೇ ಇದರ ಮನೆ. ವೀಪಿಂಗ್ ವಿಲೋದಷ್ಟು ಜೋತುಬೀಳುವುದಿಲ್ಲ, ಆದರೆ ಎಲೆ ಅದೇ ರೀತಿ ಬೆಳ್ಳಿ ಮಿಂಚುತ್ತದೆ, ಬಿಸಿಲೂ ಅದಕ್ಕೆ ಗೊತ್ತು. ಜೋತುಬೀಳುವ ಜಾತಿ ಸ್ಯಾಲಿಕ್ಸ್ ಬ್ಯಾಬಿಲೋನಿಕಾ ಚೀನಾ ಮೂಲದ್ದು. ಸಸ್ಯಶಾಸ್ತ್ರಜ್ಞ ಲಿನಿಯಸ್ ಅದಕ್ಕೆ ಬ್ಯಾಬಿಲೋನಿನ ಹೆಸರು ಕೊಟ್ಟದ್ದು ತಪ್ಪು ತಿಳಿವಳಿಕೆಯಿಂದ. ಬೈಬಲ್ಲಿನ ಕೀರ್ತನೆಯಲ್ಲಿ ಬರುವ ಬ್ಯಾಬಿಲೋನ್ ನದಿ ದಂಡೆಯ ಮರಗಳು ವಿಲೋ ಅಲ್ಲ, ಒಂದು ಬಗೆಯ ಪಾಪ್ಲರ್ ಎಂಬುದು ಆಮೇಲೆ ತಿಳಿಯಿತು. ಖಾನಾಪುರ, ಬೆಳಗಾವಿ ಕಡೆ ಹವೆ ತಂಪು, ಮಳೆ ಧಾರಾಳ. ಅಲ್ಲಿ ವೀಪಿಂಗ್ ವಿಲೋ ನೆಡಬಹುದು. ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್–ಮೇ ತಿಂಗಳ ಒಣಗಾಳಿ, 40 ಡಿಗ್ರಿ ದಾಟುವ ಬಿಸಿಲು ಅದನ್ನು ಸುಡುತ್ತದೆ. ಅಲ್ಲಿಯವರು ನೀರವಂಜಿಯನ್ನೇ ಆರಿಸಿಕೊಳ್ಳುವುದು ಲೇಸು, ಅದೂ ನೀರಿನ ಲೆಕ್ಕ ಹಾಕಿದ ಮೇಲೆ.

ಆ ಲೆಕ್ಕ ಕಷ್ಟದ್ದಲ್ಲ. 6 ಮೀಟರ್, ಅಂದರೆ ಹತ್ತಿರಹತ್ತಿರ 20 ಅಡಿ ಹರವಿನ ಮರದ ನೆರಳು ಸುಮಾರು 28 ಚದರ ಮೀಟರ್. ನೀರು ಸಿಕ್ಕಷ್ಟೂ ಹೀರುವ ವಿಲೋದಂಥ ಮರ ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರನ್ನು ಎಲೆಯ ಮೂಲಕ ಬಿಡುತ್ತದೆಂದು ಹಿಡಿದರೂ, ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್, ಒಟ್ಟು 168 ಲೀಟರ್ ಆಯಿತು. 15 ಲೀಟರಿನ ಕೊಡದಲ್ಲಿ ಹನ್ನೊಂದು ಕೊಡ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಇಟ್ಟ ಗುರಿ 55 ಲೀಟರ್, ನಾಲ್ಕು ಜನರ ಮನೆಗೆ 220. ಅದರ ಮುಕ್ಕಾಲು ಪಾಲು ಒಂದು ಮರಕ್ಕೇ ಬೇಕು! ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಕುಡಿಯುವ ನೀರಿನಿಂದ ವಿಲೋ ಸಾಕುವುದು ನಮ್ಮ ಪ್ರಕಾರ ನ್ಯಾಯವಲ್ಲ. ಬಚ್ಚಲಿನ ನೀರು, ಹೊಲದ ಬಾವಿಯಿಂದ ಉಕ್ಕಿ ಹರಿಯುವ ನೀರು, ವರ್ಷಪೂರ್ತಿ ಜಿನುಗುವ ಹಳ್ಳ, ಕಾಲುವೆ ಬಸಿ ನೀರು, ಇವುಗಳಲ್ಲಿ ಒಂದಾದರೂ ಇದ್ದವರಿಗೆ ಮಾತ್ರ ಈ ಮರ. ಬಚ್ಚಲ ನೀರಿನಲ್ಲಿ ಸ್ನಾನದ ನೀರು ಪರವಾಗಿಲ್ಲ. ಬಟ್ಟೆ ಒಗೆದ ಪುಡಿ ನೀರಿನಲ್ಲಿ ಸೋಡಿಯಂ ಹೆಚ್ಚು, ಎರೆಮಣ್ಣಿಗೆ ಅದು ದಿನಾಲೂ ಬಿದ್ದರೆ ಮಣ್ಣು ಕಟ್ಟಿಕೊಂಡು ನೀರು ಇಂಗದಂತಾಗುತ್ತದೆ. ಅದನ್ನು ಬೇರೆ ಹಾಯಿಸಿ.

ನೀರಿಗಿಂತ ದೊಡ್ಡ ಮಾತು ಮನೆಯ ಪಾಯದ್ದು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುವ ಹೊಲಗಳನ್ನು ಈ ಭಾಗದಲ್ಲಿ ಕಾಣದವರಿಲ್ಲ. ಮಣ್ಣು ಎಲ್ಲೆಡೆ ಒಂದೇ ಸಮ ಕುಗ್ಗಿದರೆ ಮನೆಗೆ ತೊಂದರೆ ಕಡಿಮೆ. ಒಂದು ಮೂಲೆಯಲ್ಲಿ ವಿಲೋ ಇದ್ದರೆ ಆ ಮೂಲೆಯ ಆಳದ ತೇವವನ್ನೂ ಬೇರು ಹೀರಿಬಿಡುತ್ತದೆ, ಅಲ್ಲಿ ಮಾತ್ರ ಮಣ್ಣು ಹೆಚ್ಚು ಕುಗ್ಗುತ್ತದೆ, ಪಾಯ ಅತ್ತ ಕುಸಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೇಲೆ ಅಗಲ ಕೆಳಗೆ ಸಣ್ಣ ಆಗುವ ಬಿರುಕು, ಬೇಸಿಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಕಂಡರೆ ಅದರ ಕಾರಣ ಸಿಮೆಂಟಿನಲ್ಲಿ ಹುಡುಕಬೇಡಿ, ಹತ್ತಿರದ ಮರ ನೋಡಿ. ವಿಲೋದ ಬೇರು ಟೊಂಗೆಯ ಹರವಿಗಿಂತ ಬಹಳ ದೂರ ಹೋಗುತ್ತದೆ. ಆದ್ದರಿಂದ ಎರೆಮಣ್ಣಿನಲ್ಲಿ ಮರ ಎಷ್ಟು ಎತ್ತರ ಆಗುತ್ತದೋ ಅದರ ಒಂದೂವರೆಪಟ್ಟು ದೂರ ಬಿಡಬೇಕು. 40 ಅಡಿಯ ಮರಕ್ಕೆ 60 ಅಡಿ. ಮಸಾರಿ, ಕೆಂಪು ಜಂಬಿಟ್ಟಿಗೆ ನೆಲ ಅಷ್ಟು ಕುಗ್ಗುವುದಿಲ್ಲ, ಅಲ್ಲಿ 40 ಅಡಿ ಸಾಕು. ನಿಮ್ಮ ಜಾಗದಲ್ಲಿ ಇಷ್ಟು ದೂರ ಸಿಗದಿದ್ದರೆ ಪಕ್ಕದವರ ಗೋಡೆಯ ಕಡೆ ಸರಿಸಿ ನೆಡಬೇಡಿ, ಬೇರಿಗೆ ಯಾರ ಗೋಡೆಯಾದರೂ ಒಂದೇ.

ಇನ್ನೊಂದು ಎಚ್ಚರ. ಹಳೆಯ ಗೋಡೆಯ ಹತ್ತಿರ ಈಗಾಗಲೇ ಬೆಳೆದು ನಿಂತ ದೊಡ್ಡ ವಿಲೋ ಇದ್ದರೆ ಹೆದರಿ ಒಂದೇ ದಿನ ಕಡಿದು ಹಾಕಬೇಡಿ. ಹೀರುವ ಬೇರು ನಿಂತೊಡನೆ ಒಣಗಿದ ಎರೆಮಣ್ಣು ಮುಂದಿನ ಮಳೆಗೆ ಉಬ್ಬಿ ಪಾಯವನ್ನು ಮೇಲಕ್ಕೆತ್ತುತ್ತದೆ, ಬಿರುಕು ಆಗಲೂ ಬಂದೀತು. ಎರಡು–ಮೂರು ವರ್ಷ ಚಳಿಗಾಲದಲ್ಲಿ ಟೊಂಗೆ ಇಳಿಸುತ್ತ ಬಂದು ಕಡೆಗೆ ತೆಗೆಯಬೇಕು. ಕಡಿಯಲು ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ.

ಚರಂಡಿ, ಸೆಪ್ಟಿಕ್ ಟ್ಯಾಂಕ್ ವಿಷಯದಲ್ಲಿ ಜನ ಅರ್ಧ ಸರಿ, ಅರ್ಧ ತಪ್ಪು ತಿಳಿದಿದ್ದಾರೆ. ವಿಲೋ ಬೇರು ಗಟ್ಟಿ ಪೈಪನ್ನು ಒಡೆದು ಒಳಗೆ ನುಗ್ಗುವುದಿಲ್ಲ. ಸೋರುವ ಕೀಲು ಇದ್ದರೆ ಆ ತೇವ ಹಿಡಿದು ಬಂದು, ಕೂದಲಿನಂಥ ಎಳೆ ಒಳತೂರಿಸಿ, ಒಳಗೆ ಜಡೆಯ ಹಾಗೆ ದಪ್ಪವಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಸಿಮೆಂಟ್ ಪೈಪು, ಜೇಡಿ ಪೈಪುಗಳ ಕೀಲುಗಳೇ ಅದಕ್ಕೆ ದಾರಿ. ಸರಿಯಾಗಿ ಅಂಟು ಹಾಕಿದ ಪಿವಿಸಿ ಪೈಪಿಗೆ ಅಪಾಯ ಕಡಿಮೆ. ಆದರೂ ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕ್, ನೀರಿನ ಸಂಪಿನಿಂದ 50 ಅಡಿ ಒಳಗೆ ಈ ಮರ ಬೇಡ. ಕೃಷಿ ಹೊಂಡಕ್ಕೆ ಪಾಲಿಥಿನ್ ಹಾಳೆ ಹಾಸಿದ್ದರೆ ಅದರ ದಂಡೆಯಲ್ಲೂ ಬೇಡ, ಬೇರು ಹಾಳೆ ತೂತು ಮಾಡಿದರೆ ಹೊಂಡ ಹಾಕಿದ ದುಡ್ಡೆಲ್ಲ ಇಂಗಿಹೋಗುತ್ತದೆ. ಕೆರೆಯ ಏರಿಯ ಮೇಲಂತೂ ಯಾವ ಕಾರಣಕ್ಕೂ ನೆಡಬಾರದು. ಮರ ಸತ್ತ ಮೇಲೆ ಬೇರು ಕೊಳೆತು ಒಳಗೆ ಕೊಳವೆಯಂಥ ದಾರಿ ಆಗುತ್ತದೆ, ನೀರು ಅಲ್ಲಿಂದ ಏರಿಯನ್ನು ಕೊರೆಯಲು ಶುರುಮಾಡುತ್ತದೆ. ಕೆರೆಗೆ ನೀರು ಬಂದು ಸೇರುವ ಮಗ್ಗುಲೇ ನೀರವಂಜಿಗೆ ತಕ್ಕ ಜಾಗ.

ಕಾಲುವೆ ನೀರಾವರಿಯ ಕಬ್ಬಿನ ಪಟ್ಟಿಯವರು ಕೇಳಬಹುದು: ನಮ್ಮ ಸವಳು–ಜವಳು ನೆಲಕ್ಕೆ ಇದನ್ನು ಹಾಕಬಹುದೇ ಎಂದು. ಜವಳಿಗೆ (ನೀರು ನಿಲ್ಲುವ ನೆಲಕ್ಕೆ) ಹೌದು, ಸವಳಿಗೆ (ಉಪ್ಪು ನೆಲಕ್ಕೆ) ಇಲ್ಲ. ನಿಂತ ನೀರಿನಲ್ಲೂ ಕಾಂಡದಿಂದ ಹೊಸ ಬೇರು ಬಿಟ್ಟು ಉಸಿರಾಡುವ ತಾಕತ್ತು ಈ ಮರಕ್ಕಿದೆ, ಉಪ್ಪು ತಡೆಯುವ ತಾಕತ್ತು ಇಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಇ.ಸಿ. (ಉಪ್ಪಿನಂಶ ತೋರಿಸುವ ಅಳತೆ, ಮೀಟರಿಗೆ ಡೆಸಿಸೀಮನ್ಸ್ ಲೆಕ್ಕದಲ್ಲಿ) 4 ದಾಟಿದ್ದರೆ ವಿಲೋ ಆಸೆ ಬಿಟ್ಟು ಸರ್ವೆ, ಹೊಂಗೆ ಯೋಚಿಸಿ. ಬೋರಿನ ನೀರಿನ ಇ.ಸಿ. 2ಕ್ಕಿಂತ ಹೆಚ್ಚಿದ್ದರೆ ಆ ನೀರಿನಲ್ಲಿ ವಿಲೋ ಬೆಳೆಸುವುದು ಬೇಡ. ವಿಜಯಪುರ ಕಡೆಯ ಡೋಣಿ ಹೊಳೆಯ ಸುತ್ತಿನ ಉಪ್ಪು ನೆಲದವರಿಗೆ ಇದನ್ನು ಒತ್ತಿ ಹೇಳಬೇಕು.

ಇಷ್ಟೆಲ್ಲ ಅಳೆದು, ಜಾಗ ಸರಿಯಿದೆ ಎಂದಾದರೆ ಬೆಳೆಸುವುದು ಅತಿ ಸುಲಭ. ವಿಲೋ ಟೊಂಗೆಯ ತೊಗಟೆಯ ಕೆಳಗೆ ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಮಲಗಿರುತ್ತವೆ, ಬೇರಿನ ಪುಡಿ, ಹಾರ್ಮೋನು ಯಾವುದೂ ಬೇಡ. ಎಲೆ ಉದುರಿ, ಮೊಗ್ಗು ಇನ್ನೂ ಒಡೆಯದಿರುವ ಹೊತ್ತಿನಲ್ಲಿ ಟೊಂಗೆ ಕತ್ತರಿಸಬೇಕು. ನಮ್ಮಲ್ಲಿ ಅದು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ. ಹಿಂದಿನ ವರ್ಷ ಬೆಳೆದ, ಪೆನ್ಸಿಲಿನಿಂದ ಹೆಬ್ಬೆರಳಿನ ತನಕ ದಪ್ಪದ ಟೊಂಗೆ ಒಳ್ಳೆಯದು. ತುದಿಯ ಎಳಸು ಭಾಗ ಬಿಟ್ಟುಬಿಡಿ, ಅದು ಬೇರಿಗಿಂತ ಮೊದಲು ಚಿಗುರಿ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. 9–10 ಇಂಚಿನ ತುಂಡು ಮಾಡಿ, ಕೆಳಗಿನ ತುದಿಯನ್ನು ಮೊಗ್ಗಿನ ಕೆಳಗೆ ಓರೆಯಾಗಿ, ಮೇಲಿನ ತುದಿಯನ್ನು ಮೊಗ್ಗಿನಿಂದ ಬೆರಳಗಲ ಮೇಲೆ ನೇರವಾಗಿ ಕತ್ತರಿಸಿ. ಹೀಗೆ ಮಾಡುವುದು ನೀರು ಹೀರಲಿ ಎಂದಷ್ಟೇ ಅಲ್ಲ, ಯಾವುದು ಮೇಲು ಯಾವುದು ಕೆಳಗು ಎಂದು ಗುರುತು ಸಿಗಲೆಂದು. ತಲೆಕೆಳಗಾಗಿ ನೆಟ್ಟ ತುಂಡು ಹೇಗೋ ಬದುಕಿದರೂ ಸರಿಯಾದ ಮರ ಆಗುವುದಿಲ್ಲ.

ಕತ್ತರಿಸಿದ ತುಂಡನ್ನು ಒಂದು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಕೆಮ್ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ಸಮಪಾಲು ಬೆರೆಸಿದ 6×9 ಇಂಚಿನ ಚೀಲದಲ್ಲಿ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೋಗುವಂತೆ ಚುಚ್ಚಿ. ಮೇಲೆ ಎರಡು–ಮೂರು ಮೊಗ್ಗು ಕಂಡರೆ ಸಾಕು. ನೆರಳಿನಲ್ಲಿಟ್ಟು ಮಣ್ಣು ಸದಾ ಹಸಿಯಾಗಿರುವಂತೆ ನೋಡಿಕೊಂಡರೆ ಮೂರು–ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ಚಿಗುರು ಬಂದಿತೆಂದು ಎಳೆದು ನೋಡಬೇಡಿ, ತುಂಡಿನಲ್ಲಿದ್ದ ಕಸುವಿನಿಂದ ಚಿಗುರು ಮೊದಲು ಬರುತ್ತದೆ, ಬೇರು ಆಮೇಲೆ. ಬಹಳ ಚಿಗುರು ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದದ್ದನ್ನು ಚಿವುಟಿ. ಬೇಸಿಗೆಯನ್ನು ಚೀಲದಲ್ಲೇ ಕಳೆಯಲಿ, ಜೂನ್ ಮಳೆ ಹಿಡಿದ ಮೇಲೆ ನೆಲಕ್ಕಿಳಿಸಿ.

ವಿಲೋದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ ಎಂಬುದು ಇಲ್ಲಿ ನೆನಪಿಡಬೇಕು. ಒಂದೇ ಮರದಿಂದ ತೆಗೆದ ತುಂಡುಗಳೆಲ್ಲ ಒಂದೇ ಲಿಂಗದವು. ಹಿತ್ತಲಿಗೆ ಗಂಡುಮರದ ತುಂಡು ಒಳ್ಳೆಯದು. ಅದರ ಹಳದಿ ಹೂಗೊಂಚಲಿಗೆ ಜೇನು ಬರುತ್ತದೆ, ಹೆಣ್ಣುಮರದ ಹಾಗೆ ಅರಳೆ ಹಾರಿ ಅಂಗಳ ತುಂಬುವುದಿಲ್ಲ. ಹಳ್ಳದ ದಂಡೆಗಾದರೆ ಎರಡೂ ಬೇಕು, ತಾವಾಗಿ ಬೀಜ ಬಿದ್ದು ಹಬ್ಬಲಿ.

ನೆಡುವ ತಗ್ಗು ಮಸಾರಿಯಲ್ಲಿ ಎರಡು ಅಡಿ ಉದ್ದ, ಅಗಲ, ಆಳ. ಎರೆಯಲ್ಲಿ ಮೂರು ಅಡಿ ಅಗಲ ಇರಲಿ, ತೆಗೆದ ಮಣ್ಣಿಗೆ ಕಾಲುಭಾಗ ಉಸುಕು ಅಥವಾ ಸಣ್ಣ ಗರಸು, ಎರಡು ಬುಟ್ಟಿ ತಿಪ್ಪೆಗೊಬ್ಬರ, ಅರ್ಧ ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಉಸುಕು ಬೆರೆಸುವುದು ನೀರು ಬಸಿಯಲೆಂದಲ್ಲ, ಬೇಸಿಗೆಯಲ್ಲಿ ಮಣ್ಣು ಬಿರಿದು ಎಳೆಬೇರು ಹರಿಯದಿರಲೆಂದು. ಎರೆನೆಲದಲ್ಲಿ ಎಳೆಯ ವಿಲೋ ಸಾಯುವುದು ಬರೀ ನೀರಿಲ್ಲದೆ ಅಲ್ಲ, ಬಿರುಕು ಬೇರನ್ನು ಎರಡು ತುಂಡು ಮಾಡಿ ಸಾಯಿಸುತ್ತದೆ. ಅದಕ್ಕೇ ಬುಡಕ್ಕೆ ಕಬ್ಬಿನ ರವದಿಯನ್ನು (ಒಣ ಗರಿಯನ್ನು) ನಾಲ್ಕು ಇಂಚು ದಪ್ಪ ಹಾಸಬೇಕು. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಒಣ ರವದಿಗೆ ಗೆದ್ದಲು ಬರುತ್ತದೆ, ಹಸಿಯಾಗಿಟ್ಟರೆ ಕಾಟ ಕಡಿಮೆ. ಮೊದಲ ಬೇಸಿಗೆ ದಿನ ಬಿಟ್ಟು ದಿನ 20 ಲೀಟರ್, ಎರಡನೆಯ ಬೇಸಿಗೆ ವಾರಕ್ಕೆ ಎರಡು ಸಲ 50 ಲೀಟರ್ ನಿಧಾನ ಇಂಗಿಸಿ. ಕೊಳವೆ ಹಿಡಿದು ದಿನಾಲೂ ಐದು ನಿಮಿಷ ಮೇಲುಮೇಲೆ ತೋಯಿಸಿದರೆ ಬೇರು ಮೇಲೇ ಉಳಿದು, ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಬಾಡಿರುತ್ತದೆ. ಯೂರಿಯಾ ಬೇಡವೇ ಬೇಡ. ಅದನ್ನು ಹಾಕಿದರೆ ಟೊಂಗೆ ಸರಸರ ಉದ್ದವಾಗುತ್ತದೆ, ಗಟ್ಟಿಯಾಗುವುದಿಲ್ಲ, ಸಸ್ಯಹೇನು ಮುತ್ತುತ್ತದೆ. ಆಡು, ದನಗಳಿಗೆ ಇದರ ಎಲೆ ಬಲು ರುಚಿ, ಹಾಗಾಗಿ ಆರು ಅಡಿ ಎತ್ತರ ದಾಟುವ ತನಕ ಮುಳ್ಳಿನ ಬೇಲಿ ಬೇಕೇಬೇಕು.

ವೀಪಿಂಗ್ ವಿಲೋವನ್ನು ಹಾಗೇ ಬಿಟ್ಟರೆ ಹಲವು ಕಾಂಡಗಳ ಪೊದೆಯಾಗಬಹುದು. ಎಂಟು ಅಡಿಯ ಬಿದಿರು ಗಳ ಹೂಡಿ, ಒಂದೇ ನಡುಗಾಂಡವನ್ನು ಮೇಲೆತ್ತಿ, ಮೆತ್ತನೆಯ ಬಟ್ಟೆಯಿಂದ ಇಂಗ್ಲಿಷ್ ಎಂಟರ ಆಕಾರದಲ್ಲಿ ಸಡಿಲ ಕಟ್ಟಬೇಕು. ಗಳದ ತುದಿ ಮುಟ್ಟಿದ ಮೇಲೆ ತಾನಾಗಿ ಜೋತುಬೀಳಲಿ. ಕಟ್ಟನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಕಟ್ಟಿ, ಕಾಂಡ ಬೇಗ ದಪ್ಪವಾಗುವ ಮರ ಇದು, ಮರೆತರೆ ದಾರ ತೊಗಟೆಯೊಳಗೆ ಹೂತುಹೋಗುತ್ತದೆ. ಸವರುವ ಕೆಲಸ ಎಲೆ ಉದುರಿದಾಗ, ವರ್ಷಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಬೇಡ. ಒಂದಕ್ಕೊಂದು ಉಜ್ಜುವ ಟೊಂಗೆ, ಕಾಂಡಕ್ಕೆ ತೀರ ಕಿರಿದಾದ ಕೋನದಲ್ಲಿ ಅಂಟಿಕೊಂಡ ಟೊಂಗೆ ಮೊದಲು ತೆಗೆಯಿರಿ. ವಿಲೋ ಕಟ್ಟಿಗೆ ಮೆದು, ಮೇ ತಿಂಗಳ ಗಾಳಿಮಳೆಗೆ ಸೀಳುವುದು ಇಂಥ ಕವಲುಗಳೇ. ವಿದ್ಯುತ್ ತಂತಿಯ ಕೆಳಗೆ ಇದನ್ನು ನೆಡಬಾರದು ಎನ್ನುವುದೂ ಅದಕ್ಕೇ. ಕಾಂಡಕ್ಕೆ ಸಮ ಕೊಯ್ಯದೆ, ಬುಡದ ಉಬ್ಬು ಉಳಿಸಿ ಕೊಯ್ದರೆ ಗಾಯ ತಾನೇ ಮುಚ್ಚುತ್ತದೆ.

ರೋಗಗಳಲ್ಲಿ ನಮ್ಮ ಭಾಗದವರಿಗೆ ಹೆಚ್ಚು ಕಾಡುವುದು ಹಳದಿ ಎಲೆ. ಎಳೆಯ ಎಲೆ ಹಳದಿ, ನರಗಳು ಮಾತ್ರ ಹಸಿರು ಎಂದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದಂಶ ಹೆಚ್ಚಿರುವ ನೆಲದಲ್ಲಿ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೆ ಮಾಡಿ. ಬುಡಕ್ಕೆ ಕಳಿತ ಗೊಬ್ಬರ ಹೆಚ್ಚಿಸುವುದೇ ಇದಕ್ಕೆ ನಿಂತ ಪರಿಹಾರ. ಹಳೆಯ ಎಲೆಯ ತುದಿ, ಅಂಚು ಸುಟ್ಟಂತೆ ಕಂದಾದರೆ ಅದು ಬೇರೆ, ಉಪ್ಪು ನೀರಿನದೋ ಒಣಗಾಳಿಯದೋ ಕೆಲಸ. ನೀರು ಸಾಕಷ್ಟು ಇದ್ದೂ ಹೀಗಾದರೆ ನೀರು ಪರೀಕ್ಷೆಗೆ ಕೊಡಿ. ಕಾಂಡದ ಮೇಲೆ ಹುಡಿ, ಹಿಕ್ಕೆ ಸೇರಿದ ಬಲೆಯಂಥ ಪಟ್ಟಿ ಕಂಡರೆ ತೊಗಟೆ ತಿನ್ನುವ ಹುಳು. ಬಲೆ ಕೆರೆದು, ತೂತಿನಲ್ಲಿ ಸೈಕಲ್ ಕಡ್ಡಿ ತೂರಿಸಿ ಹುಳು ಕೊಂದು, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಹಸಿಮಣ್ಣು ಮೆತ್ತಿ. ನೀರಿಲ್ಲದೆ ಸೊರಗಿದ ಮರಕ್ಕೇ ಕೊರಕಗಳು ಮೊದಲು ಬರುತ್ತವೆ, ಔಷಧಿಗಿಂತ ನೀರು ಮುಖ್ಯ. ಹೇನಿಗೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕದಡಲು ಚೂರು ಸೋಪು. ಬಿಸಿಲಿಗೆ ಪಡುವಣ ಮಗ್ಗುಲಿನ ತೊಗಟೆ ಸೀಳುವುದುಂಟು, ಎಳೆಯ ಕಾಂಡಕ್ಕೆ ಸುಣ್ಣ ಬಳಿದರೆ ತಪ್ಪುತ್ತದೆ.

30×40 ಸೈಟಿನವರು ನಿರಾಸೆಪಡಬೇಕಿಲ್ಲ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ತಳದಲ್ಲಿ ತೂತು ಮಾಡದೆ ಮಗ್ಗುಲಿನಲ್ಲಿ ತಳದಿಂದ ಎರಡು ಇಂಚು ಮೇಲೆ ನಾಲ್ಕು ತೂತು ಹಾಕಿ. ತಳದಲ್ಲಿ ನೀರು ನಿಂತು ಬೇರಿಗೆ ಸಿಗುತ್ತಿರುತ್ತದೆ. ಬೇರೆ ಗಿಡಕ್ಕೆ ಇದು ವಿಷ, ವಿಲೋಗೆ ಹಿತ. ಪ್ರತಿ ಚಳಿಗಾಲ ಟೊಂಗೆ ಗಿಡ್ಡ ಮಾಡಿ, ಎರಡು ವರ್ಷಕ್ಕೊಮ್ಮೆ ಹೊರತೆಗೆದು ಸುತ್ತಿಕೊಂಡ ಬೇರಿನ ಮೂರನೆ ಒಂದು ಪಾಲು ಕೊಯ್ದು ಹೊಸ ಮಣ್ಣು ತುಂಬಬೇಕು. ಡ್ರಮ್ಮನ್ನು ಮಣ್ಣಿನ ಮೇಲಿಡದೆ ಫರ್ಸಿ ಕಲ್ಲಿನ ಮೇಲಿಡಿ, ಇಲ್ಲವಾದರೆ ತೂತಿನಿಂದ ಬೇರು ನೆಲಕ್ಕಿಳಿಯುತ್ತದೆ. ಜೋತುಬೀಳುವ ಅಂದವಷ್ಟೇ ಬೇಕಾದವರಿಗೆ ಬಾಟಲ್ ಬ್ರಶ್ಶೇ ಸಾಕು, ಅದು ಕಡಿಮೆ ನೀರಿನಲ್ಲಿ ಬದುಕುತ್ತದೆ.

ಕ್ರಿಕೆಟ್ ಬ್ಯಾಟಿನ ಆಸೆ ತೋರಿಸಿ ವಿಲೋ ಸಸಿ ಮಾರುವವರು ಬಂದರೆ ನಂಬಬೇಡಿ. ಬ್ಯಾಟಿನ ವಿಲೋ ಬೇರೆ ಜಾತಿ, ಇಂಗ್ಲೆಂಡ್, ಕಾಶ್ಮೀರದಂಥ ತಂಪು ಸೀಮೆಯದು. ಹಾಗೆಯೇ ವಿಲೋ ತೊಗಟೆಯಲ್ಲಿ ಆಸ್ಪಿರಿನ್‌ಗೆ ಮೂಲವಾದ ಸ್ಯಾಲಿಸಿನ್ ಇದೆ ಎಂದು ಕಷಾಯ ಕುದಿಸಿ ಕುಡಿಯುವುದೂ ಬೇಡ. ಹೊಟ್ಟೆಹುಣ್ಣು ಇದ್ದವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ, ಮಕ್ಕಳಿಗೆ ಅಪಾಯ.

ಕೊನೆಯದಾಗಿ ತೋಟಗಾರಿಕೆ, ಅರಣ್ಯ ಇಲಾಖೆಗಳಿಗೆ ಒಂದು ಕೋರಿಕೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಗಳು ಕಂಡ ಹಾನಿ ಎಲ್ಲರಿಗೂ ಗೊತ್ತು. ದೊಡ್ಡ ಹೊಳೆಗೆ ಸಾಧ್ಯವಾಗದಿದ್ದರೂ ಅವುಗಳನ್ನು ಸೇರುವ ಹಳ್ಳಗಳ ದಂಡೆ ಹಿಡಿಯಲು ನೀರವಂಜಿಯಷ್ಟು ಅಗ್ಗದ ಸಾಧನ ಬೇರೆ ಇಲ್ಲ. ಒಂದೂವರೆ ಇಂಚು ದಪ್ಪ, ಮೂರು ಅಡಿ ಉದ್ದದ ಹಸಿ ಗೂಟಗಳನ್ನು ಮೊಗ್ಗು ಮೇಲಾಗಿ, ಹಾರೆಯಿಂದ ಮೊದಲು ತೂತು ಮಾಡಿ, ಮುಕ್ಕಾಲು ಭಾಗ ಒಳಹೋಗುವಂತೆ ಹೂಡಿ ಮಣ್ಣು ಗಟ್ಟಿ ತುಳಿಯಬೇಕು. ಗೂಟದಿಂದ ಗೂಟಕ್ಕೆ ಎರಡೂವರೆ ಅಡಿ, ಸಾಲಿನಿಂದ ಸಾಲಿಗೆ ಗೂಟಗಳು ಎದುರಾಗದಂತೆ ಓರೆ. ತೂತಿನಲ್ಲಿ ಗಾಳಿ ಉಳಿದರೆ ಗೂಟ ಒಣಗುತ್ತದೆ, ಸುತ್ತಿಗೆಯಿಂದ ಬಡಿದರೆ ತಲೆ ಸೀಳಿ ಕೊಳೆಯುತ್ತದೆ. ಹಳ್ಳದ ನೀರು ಇಳಿದು ದಂಡೆ ಇನ್ನೂ ಹಸಿಯಾಗಿರುವ ನವೆಂಬರ್ ಇದಕ್ಕೆ ತಕ್ಕ ತಿಂಗಳು. ಕಡಿದ ದಿನವೇ, ತಪ್ಪಿದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಮರುದಿನ, ಹೂಡಿ ಮುಗಿಸಬೇಕು.

ಇದಕ್ಕೆ ತಾಯಿಮರ ಬೇಕು. ಖಾನಾಪುರ ಕಡೆಯ ಭೀಮಗಡ ವನ್ಯಧಾಮದ ಒಳಗಿನ ಮರಗಳನ್ನು ಮುಟ್ಟದೆ, ಹೊರಗಿನ ಹಳ್ಳಗಳಲ್ಲಿ ಆರೋಗ್ಯವಾಗಿರುವ ಗಂಡು, ಹೆಣ್ಣು ಎರಡೂ ಮರಗಳನ್ನು ಅರಣ್ಯ ಇಲಾಖೆ ಗುರುತಿಸಿ ಸಂಖ್ಯೆ ಹಾಕಲಿ. ಅವುಗಳ ತುಂಡು ತಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಸಸ್ಯಕ್ಷೇತ್ರಗಳಲ್ಲಿ ಬೆಳೆಸಿ, ಚೀಲದ ಮೇಲೆ ನೀರವಂಜಿ ಎಂದು, ಗಂಡೋ ಹೆಣ್ಣೋ ಎಂದು, ಪಾಯದಿಂದ ಬಿಡಬೇಕಾದ ದೂರ ಎಷ್ಟೆಂದು ಕನ್ನಡದಲ್ಲಿ ಬರೆದು ಮಾರಲಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಯಾವ ಮರ ನಮ್ಮ ಬಿಸಿಲಿಗೆ, ಸುಣ್ಣದ ನೆಲಕ್ಕೆ ಹೆಚ್ಚು ತಾಳುತ್ತದೆಂದು ಹೋಲಿಸಿ ನೋಡುವುದು ಅಲ್ಲಿ ಸಾಧ್ಯ. ಹೂವಿನಿಂದಲೇ ಗಂಡುಹೆಣ್ಣು ತಿಳಿಯುವುದರಿಂದ ಮರ ಗುರುತಿಸುವ ಕೆಲಸ ಹೂ ಬಿಡುವ ಚಳಿಗಾಲದಲ್ಲೇ ಆಗಬೇಕು. ಆ ತಿಂಗಳು ಕಳೆದರೆ ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ.

ಇತಿ,
ತಮ್ಮ ಓದುಗರು
ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ